ಕರಿಗೊಜ್ಜಿನ ಏಳನೆಯ ಸಾಮಾನು

ಕುರಿಯ ಪಕ್ಕೆಲುಬಿನಿಂದ ಒಂದು ಹನಿ ಕೊಬ್ಬು ಕೆಂಡದ ಮೇಲೆ ಬಿತ್ತೆಂದರೆ ಚುರ್ ಎಂದು ಸಣ್ಣದೊಂದು ಜ್ವಾಲೆ ಏಳುತ್ತಿತ್ತು. ಅದು ಅಡಗುವಷ್ಟರಲ್ಲಿ ಇನ್ನೊಂದು ಹನಿ. ಶಾಲೆಯಲ್ಲಿ ಮಕ್ಕಳಿಗೆ ಅಹಿಂಸೆಯ ಪಾಠ ಮುಗಿಸಿ, ನೇರವಾಗಿ ತುಳಜಾಬಾಯಿಯ ಅಂಗಡಿಯ ಬೆಂಚಿಗೆ ಬಂದು ಕುಳಿತು, ನಾನು ಅದನ್ನು ವರ್ಷಗಟ್ಟಲೆ ನೋಡಿದ್ದೇನೆ.

ಸುಟ್ಟ ಮಾಂಸ ಬೇರೆಡೆಯೂ ಸಿಗುತ್ತಿತ್ತು. ಜನ ಬರುತ್ತಿದ್ದುದು ಅವಳ ಕರಿಗೊಜ್ಜಿಗೆ. ಅದನ್ನು ಕಾಯಿಸುವಾಗ ಅವಳು ಒಳಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಕಾರಣ ಬಹಳ ಸಾದಾ: ಒಣಮೆಣಸಿನಕಾಯಿ ಹುರಿಯುವ ಘಾಟಿಗೆ ಗಿರಾಕಿಗಳು ಕೆಮ್ಮಿ ಎದ್ದುಹೋಗಬಾರದೆಂದು. ಆದರೆ ಮುಚ್ಚಿದ ಬಾಗಿಲಿನ ಹಿಂದೆ ಬರೀ ಮೆಣಸಿನಕಾಯಿ ಇದೆಯೆಂದು ನಂಬುವಷ್ಟು ದೊಡ್ಡ ಮನಸ್ಸು ನಮ್ಮ ಊರಿಗಿರಲಿಲ್ಲ.

ಅವಳ ಮೈದುನ ಮಲ್ಲೋಜಿಗಂತೂ ಇರಲೇ ಇಲ್ಲ. ಅಣ್ಣ ತೀರಿಕೊಂಡ ಮೇಲೆ ಅವನು ಎದುರಿಗೇ ಬೇರೆ ಅಂಗಡಿ ಹಾಕಿದ್ದ. ಮಾಂಸ ಅದೇ, ಕೆಂಡ ಅದೇ. ನೊಣ ಮಾತ್ರ ಅವನ ಕಡೆ ಹೆಚ್ಚು.

ಒಂದು ಮಧ್ಯಾಹ್ನ ಬೆಂಚಿನ ಮೇಲೆ ನಾನೊಬ್ಬನೇ ಇದ್ದಾಗ ಅವನು ನುಗ್ಗಿ ಬಂದ. ಒದ್ದ ಏಟಿಗೆ ಒಳಬಾಗಿಲಿನ ಅಗುಳಿ ಕಿತ್ತು ಬಂತು. ಅತ್ತಿಗೆಯ ಜಡೆ ಹಿಡಿದು ಒಲೆಯ ಮುಂದಕ್ಕೆ ಎಳೆದು ತಂದ.

"ಹೇಳು ಅತ್ಗೆ, ಗೊಜ್ಜಿಗೆ ಏನೇನು ಹಾಕ್ತೀಯ?"

"ಹುಣಸೆಹಣ್ಣು, ಬೆಲ್ಲ, ಮೆಣಸಿನ್ಕಾಯಿ, ಬೆಳ್ಳುಳ್ಳಿ, ಉಪ್ಪು. ಆಮೇಲೆ ಮಾಂಸದಿಂದ ಇಳಿದ ಕೊಬ್ಬು ಒಂದು ಸೌಟು. ಸುಮ್ನೆ ಕೇಳಿದ್ರೂ ಹೇಳ್ತಿದ್ನಲ್ಲೋ, ಮುಂಡೇದೇ!"

"ಆರಾಯ್ತು. ಏಳ್ನೇದು?"

"ಏಳ್ನೇದಾ?"

ಅವಳ ಬಲಗೈಯನ್ನು ಕಾದ ಜಾಲರಿಯ ಮೇಲೆ ಒತ್ತಿದ. ಚುರ್ ಎಂದಿತು. ಆ ಸದ್ದು ನನಗೆ ಚೆನ್ನಾಗಿ ಪರಿಚಯವಿದ್ದದ್ದು; ಚೀತ್ಕಾರ ಮಾತ್ರ ಹೊಸದು.

"ಭವಾನಿ ಆಣೆಗೂ ಅಷ್ಟೇ ಕಣೋ!"

"ಸುಳ್ಳು ಬೊಗಳ್ಬೇಡ. ತಿಳಿದೋರೇ ಹೇಳವ್ರೆ!" ಎಂದು ಮತ್ತೊಮ್ಮೆ ಒತ್ತಿದ.

ಆ ತಿಳಿದವನು ನಾನೇ. ವಾರದ ಹಿಂದೆ ಅವನು ಗೊಜ್ಜಿನ ಗುಟ್ಟು ಹೇಳಿ ಎಂದು ಗೋಗರೆದಾಗ, "ಆರು ಸಾಮಾನು ಯಾರು ಬೇಕಾದ್ರೂ ಹಾಕ್ತಾರೆ ಮಲ್ಲೋಜಿ, ಗುಟ್ಟೆಲ್ಲ ಏಳನೇದರಲ್ಲಿದೆ" ಎಂದು ಗಂಭೀರವಾಗಿ ಹೇಳಿ, ಮನೆಯವರೆಗೂ ಒಬ್ಬನೇ ನಗುತ್ತಾ ಹೋಗಿದ್ದೆ. ಈಗ ಎದ್ದು "ಅದು ತಮಾಷೆ ಕಣಯ್ಯಾ" ಎಂದರೆ ಸಾಕಿತ್ತು. ಅವನು ನನಗೆ ಬೆನ್ನು ಮಾಡಿ ನಿಂತಿದ್ದ. ಸೊಂಟದಲ್ಲಿ ಮಾಂಸ ಕೊಯ್ಯುವ ಕತ್ತಿಯಿತ್ತು. ನನ್ನ ಕೈಯಲ್ಲಿ ತಟ್ಟೆಯಿತ್ತು. ಅದು ಬೀಳದಂತೆ ಹಿಡಿದುಕೊಂಡು ಕುಳಿತೆ.

ಮೂರನೆಯ ಸಲ ಅಂಗೈಯ ಚರ್ಮ ಜಾಲರಿಗೇ ಅಂಟಿ ಉಳಿಯಿತು.

"ಕೋಳಿ ಪಿತ್ತ!" ಎಂದು ಅರಚಿದಳು. "ಕೋಳಿ ಪಿತ್ತ ಕಣೋ, ಏಳು ಕೋಳೀದು!"

ಆರು ನಿಜಗಳನ್ನು ನಂಬದವನು ಆ ಒಂದು ಸುಳ್ಳನ್ನು ತಕ್ಷಣ ನಂಬಿದ. ಕೈ ಬಿಟ್ಟು ಹೊರಟುಹೋದ.

ಮರುದಿನ ಸಂಜೆ ಅವಳ ಅಂಗಡಿ ಮುಚ್ಚಿದ್ದರಿಂದ ಅವನದು ತುಂಬಿತ್ತು. ಮೂಟೆ ಹೊರುವ ದ್ಯಾವಣ್ಣ ಮೊದಲ ತುಂಡನ್ನು ಗೊಜ್ಜಿನಲ್ಲಿ ಅದ್ದಿ ಬಾಯಿಗಿಟ್ಟ. ಥೂ ಎಂದು ಮಲ್ಲೋಜಿಯ ಮುಖಕ್ಕೇ ಉಗಿದ.

"ಏನ್ಲಾ ಇದು, ವಿಷ ಹಾಕಿದ್ದೀಯಾ?"

ಮಲ್ಲೋಜಿ ಬಾಯಿ ತೆರೆಯುವಷ್ಟರಲ್ಲಿ ಸ್ಟೂಲು ಅವನ ದವಡೆಗೆ ಬಿತ್ತು. ನಾಲ್ಕು ಹಲ್ಲು ಉದುರಿದವು. ಆಮೇಲೆ ಯಾರು ಹೊಡೆದರು ಎಂದು ಕೇಳುವುದಕ್ಕಿಂತ ಯಾರು ಹೊಡೆಯಲಿಲ್ಲ ಎಂದು ಕೇಳುವುದು ಸುಲಭ. ಹೆಂಗಸಿನ ಕೈ ಸುಟ್ಟಾಗ ಏಳದ ಊರು ತನ್ನ ನಾಲಿಗೆ ಕಹಿಯಾದಾಗ ಎದ್ದು ನಿಂತಿತು. ಪಕ್ಕೆ ಮುರಿದುಕೊಂಡ ಮಲ್ಲೋಜಿಯನ್ನು ಗಾಡಿಗೆ ಎತ್ತಿಹಾಕಿ ಕಳಿಸಿದರು. ಅವನು ಊರಿಗೆ ತಿರುಗಿ ಬರಲಿಲ್ಲ.

ತುಳಜಾಬಾಯಿಯ ಬೆರಳುಗಳು ಒಳಕ್ಕೆ ಮಡಚಿಕೊಂಡು ಹಾಗೆಯೇ ಉಳಿದವು. ತಿಂಗಳ ಮೇಲೆ ಅಂಗಡಿ ತೆರೆದಾಗ, ಬೆಳ್ಳುಳ್ಳಿ ಸುಲಿಯಲು ನಾನು ಕುಳಿತೆ. ಯಾಕೆಂದು ಅವಳು ಕೇಳಲಿಲ್ಲ. ಒಂದು ದಿನ ಮಾತ್ರ, ಎಡಗೈಯಲ್ಲಿ ಹುಣಸೆ ಕಿವುಚುತ್ತಾ ಅಂದಳು:

"ಏಳ್ನೇದು ಅಂತ ಅವನ ತಲೆಗೆ ಯಾವ ಹಾಳಾದೋನು ತುಂಬಿದ್ನೋ, ಮೇಷ್ಟ್ರೇ."

"ಇಷ್ಟು ಬೆಳ್ಳುಳ್ಳಿ ಸಾಕಾ?" ಎಂದೆ.

"ಇನ್ನೆರಡು ಗಡ್ಡೆ."

ಸುಲಿದೆ. ಹಗುರವಾದ ಸಿಪ್ಪೆಯೊಂದು ಹಾರಿಹೋಗಿ ಅವಳ ಬಲಗೈಯ ಮಡಚಿದ ಬೆರಳುಗಳ ನಡುವೆ ಸಿಕ್ಕಿಕೊಂಡಿತು. ಅದು ಅವಳ ಅರಿವಿಗೇ ಬರಲಿಲ್ಲ. ನಾನು ಬಾಗಿ, ಮೆಲ್ಲಗೆ ಊದಿದೆ.