ಅತ್ತೆಯ ಅಕ್ರಿಲಿಕ್ ಪೀಠ

ನನ್ನ ಗಂಡ ಶಿವಯೋಗೀಶನಿಗೆ ಅಮರಗೋಳದಲ್ಲಿ ಬೀಜದ ಅಂಗಡಿ ಇದೆ, ಆದರೆ ಜೀವವೆಲ್ಲ ಸ್ಕ್ರೂಡ್ರೈವರಿನಲ್ಲಿ. ಅವರು ರಿಪೇರಿ ಮಾಡಿದ ಮಿಕ್ಸರ್ ಇವತ್ತಿಗೂ ಉಲ್ಟಾ ತಿರುಗುತ್ತದೆ. ಹಾಗಾಗಿ ಹಳೇ ಹುಬ್ಬಳ್ಳಿಯಲ್ಲಿ ಬೋರ್ಡ್ ಮಾಡುವ ಅಮೀನಸಾಬರ ಅಂಗಡಿಯಿಂದ ಗಾಜಿನಂಥ ಪ್ಲಾಸ್ಟಿಕ್ಕಿನ ಒಂದು ಅಕ್ರಿಲಿಕ್ ಶೀಟ್ ಹೊತ್ತು ತಂದು, "ಅವ್ವಗ ಓದೋ ಪೀಠ ನಾನ ಮಾಡ್ತೇನಿ" ಎಂದಾಗ ನನಗೆ ಪಿತ್ತ ನೆತ್ತಿಗೇರಿತು.

ಪೀಠವಂತೂ ಬೇಕೇ ಬೇಕಿತ್ತು. ನಮ್ಮತ್ತೆ ರತ್ನವ್ವ ಪ್ರತಿ ಶ್ರಾವಣದಲ್ಲಿ ಓಣಿಯ ಅಕ್ಕನ ಬಳಗದಲ್ಲಿ ಪುರಾಣ ಓದುತ್ತಾರೆ. ಓಣಿಯ ಹೆಂಗಸರಿಗೆ ಶ್ರಾವಣವೆಂದರೆ ಅವರ ದನಿ. ಈ ವರ್ಷ ಅವರ ಕೈ ನಡುಗತೊಡಗಿದೆ. ಮೊದಲ ಸೋಮವಾರ ಓದುತ್ತಿರುವಾಗಲೇ ಪುಸ್ತಕ ಕೈಜಾರಿ ನೆಲಕ್ಕೆ ಬಿತ್ತು. ಅತ್ತೆ ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡರು, ಮನೆಗೆ ಬಂದ ಮೇಲೆ ಊಟ ಒಲ್ಲೆ ಎಂದರು.

"ಇನ್ನ ಬ್ಯಾರೇದವ್ರು ಓದ್ಲಿ. ನಂದು ಮುಗೀತು."

ಕಟ್ಟಿಗೆಯ ವ್ಯಾಸಪೀಠದ ಮುಂದೆ ನೆಲದ ಮೇಲೆ ಕೂರಲು ಮೊಣಕಾಲು ಬಿಡುವುದಿಲ್ಲ. ಕುರ್ಚಿಯ ಕೈಗಳ ಮೇಲೆ ಓರೆಯಾಗಿ ಹಲಗೆ ಇಟ್ಟು ನೋಡಿದೆವು, ಎದುರು ನೆಲದ ಮೇಲೆ ಕೂರುವವರು ಅದರ ಮರೆಗೆ ಹೋಗುತ್ತಿದ್ದರು. "ಮಂದಿ ಮಾರಿನ ಕಾಣವಲ್ತು. ಗ್ವಾಡಿಗೆ ಪುರಾಣ ಹೇಳಿದಂಗ ಆಗ್ತೈತಿ" ಎಂದು ಅದನ್ನು ಸರಿಸಿದರು. ಅದಕ್ಕೇ ಕುರ್ಚಿಯ ಕೈಗಳ ಮೇಲಿಡಲು ಈ ಆಚೆಯದೆಲ್ಲ ಕಾಣುವ ಶೀಟು. ಹತ್ತಿರದ ಅಂಚನ್ನು ಪುಸ್ತಕ ಜಾರದಂತೆ ಮೇಲಕ್ಕೆ ಮಡಚಬೇಕು, ಆಚೆಯ ಅಂಚನ್ನು ಕಾಲಿನಂತೆ ಕೆಳಕ್ಕೆ.

ದೊಡ್ಡ ಪ್ಲಗ್ ಇರುವುದು ಅಡುಗೆಮನೆಯಲ್ಲಿ ಮಾತ್ರ. ಹೀಗಾಗಿ ಭಾನುವಾರ ಬೆಳಿಗ್ಗೆ ನಾನು ರೊಟ್ಟಿ ಬಡಿಯುವ ಹೊತ್ತಿಗೇ ಪಕ್ಕದ ಟೇಬಲ್ಲಿನ ಮೇಲೆ ಅವರ ಕಾರಖಾನೆ ಶುರುವಾಯಿತು. ಅತ್ತೆ ಹಂಚಿನ ಹತ್ತಿರ ಸ್ಟೂಲ್ ಮೇಲೆ ಕೂತಿದ್ದರು. ಬಡಿಯುವುದು ನಾನು, ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಅರಿವೆಯಿಂದ ನೀರು ಒರೆಸುವುದು ಅವರು. ಆ ಕೆಲಸ ಬಿಟ್ಟುಕೊಡಲು ಅವರು ತಯಾರಿರಲಿಲ್ಲ.

ಅಮೀನಸಾಬರಿಂದ ಕಡ ತಂದ ಹೀಟ್ ಗನ್ ನೋಡಲು ಕೂದಲು ಒಣಗಿಸುವ ಮಷಿನ್ನಿನಂತೆಯೇ ಇತ್ತು, ಆದರೆ ಅದರ ಗಾಳಿಗೆ ಕೂದಲೇ ಉಳಿಯಲಾರದು. ಕೈ ಪಳಗಿಸಲು ತಂದ ಚೂರುಗಳಲ್ಲಿ ಮೊದಲನೆಯದನ್ನು ಇವರು ಒಂದೇ ಕಡೆ ಕಾಯಿಸಿ ಗುಳ್ಳೆ ಎಬ್ಬಿಸಿದರು. ಎರಡನೆಯದನ್ನು ಕಾಯುವ ಮೊದಲೇ ಬಗ್ಗಿಸಿ ಟಕ್ಕೆಂದು ಮುರಿದರು. ನಾನು ರೊಟ್ಟಿಯನ್ನೇ ಸ್ವಲ್ಪ ಜೋರಾಗಿ ಬಡಿದೆ.

ಆಮೇಲೆ ಕೈ ಕುದುರಿತು. ದೊಡ್ಡ ಶೀಟಿನ ಮೊದಲ ಮಡಿಕೆ ಚಂದ ಬಂತು. ಎರಡನೆಯದಕ್ಕೆ ಶೀಟನ್ನು ಟೇಬಲ್ಲಿನ ಅಂಚಿಗೆ ಬಿಗಿದು, ಗೆರೆಯುದ್ದಕ್ಕೂ ಗನ್ ಆಡಿಸಿದರು. ಹೊರಗೆ ಚಾಚಿದ ಭಾಗ ಮೆತ್ತಗಾಗಿ ತಾನೇ ತಲೆ ಬಾಗಿಸತೊಡಗಿತು. ಗೆರೆಯ ಮೇಲೆ ಸಣ್ಣಗೆ ಉಬ್ಬಿದಂತೆ ಕಂಡಿತೋ ಏನೋ, ಅತ್ತೆ ಪಕ್ಕಕ್ಕೆ ಬಾಗಿ ಒದ್ದೆ ಅರಿವೆಯಿಂದ ಅದನ್ನು ಒರೆಸಿಯೇ ಬಿಟ್ಟರು.

ಚುಂಯ್ ಅಂದಿತು. ಶೀಟು ಅರ್ಧ ಬಾಗಿದ್ದಲ್ಲೇ ಗಟ್ಟಿಯಾಗಿ, ಒಂದು ತುದಿ ಕೆಳಗೆ, ಒಂದು ತುದಿ ಮೇಲೆ, ಸೊಟ್ಟಗೆ ನಿಂತಿತು.

"ಹೊತ್ತಾಕತ್ತೈತಿ ಅಂದ್ಕೊಂಡ್ನೆಪಾ," ಎಂದರು ಅತ್ತೆ. ಅರಿವೆಯನ್ನು ಮೆಲ್ಲಗೆ ಕೆಳಗಿಟ್ಟರು. "ಬಿಡೊ ಶಿವಯೋಗಿ, ಸಾಕು. ಈ ಕೈಯಿಂದ ಇನ್ನ ಎಲ್ಲಾ ಕೆಡೋದ ಐತಿ. ನಾಳಿಗೆ ಓದಾಕ ಬ್ಯಾರೇದವ್ರಿಗೆ ಹೇಳು."

ಇವರು ಗನ್ ಕೆಳಗಿಳಿಸಿದರು. ಇನ್ನೊಂದು ಶೀಟು ಇರಲಿಲ್ಲ, ಭಾನುವಾರ ಅಂಗಡಿಯೂ ಇರಲಿಲ್ಲ. ಸಿಟ್ಟು ಯಾರ ಮೇಲೆಂದು ನನಗೇ ತಿಳಿಯದೆ, "ಕೊಡ್ರಿ ಇಲ್ಲೆ" ಎಂದು ಗನ್ ಕಸಿದುಕೊಂಡು, ಆ ಸೊಟ್ಟ ಮಡಿಕೆಗೇ ಬಿಸಿಗಾಳಿ ಹಿಡಿದೆ. ನೋಡನೋಡುತ್ತಲೇ ಶೀಟು ಮೆಲ್ಲಗೆ ತಲೆ ಎತ್ತಿತು. ಯಾರೂ ಮುಟ್ಟದೆ ಮತ್ತೆ ಸಪಾಟಾಯಿತು.

"ಹಾಂ, ಮತ್ತ ಕಾಸಿದ್ರ ಮೊದಲಿನಂಗ ಆಗ್ತೈತಿ ಅಂತ ಅಮೀನಸಾಬ ಹೇಳಿದ್ದ," ಎಂದರು ನನ್ನ ಗಂಡ. "ಮರ್ತಬಿಟ್ಟಿದ್ದೆ."

"ಈಗ ಹೇಳ್ತೀರಿ?" ಎಂದೆ. ಅತ್ತೆಗೆ ನಗು ತಡೆಯಲಾಗಲಿಲ್ಲ. ಅರಿವೆಯನ್ನು ತಾವೇ ದೂರ ಎಸೆದು, "ಇನ್ನೊಂದ ಸಲ ಕಾಸ್ರಿ, ನಾ ಮುಟ್ಟಂಗಿಲ್ಲ" ಎಂದರು. ಈ ಸಲ ಶೀಟು ಜೋತುಬೀಳುವವರೆಗೆ ಕಾದು, ಬಗ್ಗಿಸಿ, ತಣ್ಣಗಾಗುವವರೆಗೆ ಗಂಡ ಹೆಂಡತಿ ಇಬ್ಬರೂ ಹಿಡಿದು ನಿಂತೆವು. ಮಡಿಕೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಉಳಿದವು, ಆದರೆ ಪೀಠ ಗಟ್ಟಿಯಾಗಿತ್ತು.

ಸೋಮವಾರ ಸಂಜೆ ಅತ್ತೆ ಬಳಗದ ಎದುರು ಕುರ್ಚಿಯಲ್ಲಿ ಕೂತರು. ಪುಸ್ತಕ ಪೀಠದ ಮೇಲೆ ಅಲುಗದೆ ನಿಂತಿತು. ನಾವ್ಯಾರೂ ಯೋಚಿಸದೇ ಇದ್ದದ್ದು ಆಗ ಕಣ್ಣಿಗೆ ಬಿತ್ತು. ಶೀಟಿನ ಕೆಳಗೆ, ಮಡಿಲಲ್ಲಿ ಇಟ್ಟುಕೊಂಡ ಅತ್ತೆಯ ಕೈ ನಡುಗುವುದು ಎಲ್ಲರಿಗೂ ಕಾಣುತ್ತಿತ್ತು. ಅವರು ಸೆರಗು ಮುಚ್ಚಿಕೊಂಡರು. ಸೆರಗೂ ನಡುಗಿತು. ಪ್ರತಿ ವರ್ಷ ಮುಂದೆಯೇ ಕೂತು ಕೇಳುವ ಪಕ್ಕದ ಮನೆಯ ಹಾಜರಾಬಿ ತಲೆ ತಗ್ಗಿಸಿದರು. ಒಬ್ಬೊಬ್ಬರಾಗಿ ಉಳಿದವರೂ ತಗ್ಗಿಸಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅತ್ತೆ ಎಲ್ಲರ ಮೇಲೂ ಒಮ್ಮೆ ಕಣ್ಣಾಡಿಸಿದರು. ಸೆರಗಿನೊಳಗಿಂದ ಎರಡೂ ಕೈ ಹೊರಗೆ ತೆಗೆದು, ಪುಸ್ತಕದ ಆಚೆ ಈಚೆ ಪೀಠದ ಮೇಲೆ ಇಟ್ಟರು.

"ಹಾಜರಾಬಿ, ತಲಿ ಯಾಕ ಬಗ್ಗಸ್ತಿ? ನಡಗೋದು ಕೈ ಅಷ್ಟ. ಮ್ಯಾಲ ನೋಡು, ಓದ್ತೇನಿ."

ಹೆಂಗಸರು ನಕ್ಕು ತಲೆ ಎತ್ತಿದರು. ಅತ್ತೆ ಪುಟ ತಿರುವಿದರು. ಬೆರಳಿಗೆ ಎರಡು ಪುಟ ಒಟ್ಟಿಗೇ ಬಂದವು. ನಾನು ಬಿಡಿಸಿಕೊಡಲು ಎದ್ದೆ. ಅವರು ಕಣ್ಣಿನಲ್ಲೇ ನನ್ನನ್ನು ಕೂರಿಸಿದರು. ನಿಧಾನವಾಗಿ ಒಂದು ಪುಟವನ್ನು ಬೇರೆ ಮಾಡಿ, ಅಂಗೈಯಿಂದ ಒತ್ತಿ, ಓದತೊಡಗಿದರು.