ಒಂದು ಬಣ್ಣದ ಮಾತು

ಗ್ರೀನ್‌ವಿಲ್‌ನ ಒಂದು ಚರ್ಚಿನ ಹಿಂಭಾಗದ ಹಾಲಿನಲ್ಲಿ ಪ್ರತಿ ಗುರುವಾರ ಬೆಳಿಗ್ಗೆ ಹತ್ತಕ್ಕೆ ಏಳು ಮಂದಿ ಜರ್ಮನ್ ಹೆಂಗಸರು ಇಂಗ್ಲಿಷ್ ಕಲಿಯಲು ಸೇರುತ್ತಿದ್ದರು. ಅವರಿಗೆ ಕಲಿಸುತ್ತಿದ್ದವಳು ಕಾರ್ಕಳದ ವಾರಿಜಾಕ್ಷಿ. ಅದು ತೊಂಬತ್ತೈದನೆಯ ಇಸವಿ. ದಕ್ಷಿಣ ಕೆರೊಲಿನಾದ ಆ ಭಾಗಕ್ಕೆ ಜರ್ಮನಿಯ ಕಾರ್ಖಾನೆಗಳು ಒಂದರ ಹಿಂದೊಂದು ಬರುತ್ತಿದ್ದ ಕಾಲ. ಗಂಡಂದಿರು ಯಂತ್ರ ಕೂರಿಸಲು ಬಂದರೆ ಹೆಂಡಂದಿರು ಅಂಗಡಿಯಲ್ಲಿ ಬೆಣ್ಣೆ ಎಲ್ಲಿದೆ ಎಂದು ಕೇಳಲೂ ಗೊತ್ತಾಗದೆ ಮನೆಯಲ್ಲೇ ಉಳಿಯುತ್ತಿದ್ದರು. ವಾರಿಜಾಕ್ಷಿಯದೂ ಹೆಚ್ಚುಕಡಿಮೆ ಅದೇ ಪಾಡು. ಅವಳ ಗಂಡ ರಘುಪತಿ ಒಂದು ಬಟ್ಟೆ ಮಿಲ್ಲಿನ ಕಂಪ್ಯೂಟರ್ ವಿಭಾಗದಲ್ಲಿದ್ದ. ಇವಳ ವೀಸಾದಲ್ಲಿ ಸಂಬಳಕ್ಕೆ ದುಡಿಯುವಂತಿರಲಿಲ್ಲ. ಊರಿನಲ್ಲಿ ಆರು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದವಳಿಗೆ ಅಪಾರ್ಟ್‌ಮೆಂಟಿನಲ್ಲಿ ಕೈಕಟ್ಟಿ ಕೂತು ಸಾಕಾಗಿತ್ತು. ಸಂಬಳವಿಲ್ಲದ ಟೀಚರ್ ಬೇಕು ಎಂಬ ಚೀಟಿ ಲೈಬ್ರರಿಯ ಬಾಗಿಲಲ್ಲಿ ಕಂಡ ದಿನವೇ ಫೋನ್ ಮಾಡಿದಳು.

ಚರ್ಚಿನವರು ಮೊದಲು ಸ್ವಲ್ಪ ಅನುಮಾನಿಸಿದ್ದರು. ಇಂಡಿಯಾದವಳ ಉಚ್ಚಾರಣೆ ಕಲಿತರೆ ಹೇಗೋ ಏನೋ ಎಂದು. ಆದರೆ ಬೇರೆ ಯಾರೂ ಮುಂದೆ ಬಂದಿರಲಿಲ್ಲ. ಮೂರು ತಿಂಗಳಲ್ಲಿ ಆ ಏಳು ಜನ ಅವಳಿಗೆ ಎಷ್ಟು ಒಗ್ಗಿಹೋದರೆಂದರೆ, ಕ್ಲಾಸ್ ಮುಗಿದ ಮೇಲೂ ಅರ್ಧ ಗಂಟೆ ಎದ್ದು ಹೋಗುತ್ತಿರಲಿಲ್ಲ.

ಏಪ್ರಿಲ್ ತಿಂಗಳಿಡೀ ಪಾಠ ನಂಟಿನ ಮಾತುಗಳು, ಮನಸ್ಸಿನ ಮಾತುಗಳು. ವಾರಿಜಾಕ್ಷಿ ದೊಡ್ಡ ಹಾಳೆಗಳ ಮೇಲೆ ಚಾರ್ಟ್ ಬರೆದು ಗೋಡೆಗೆ ಅಂಟಿಸಿದ್ದಳು. ಗಂಡನ ತಮ್ಮನ ಹೆಂಡತಿಯನ್ನು ಏನನ್ನುತ್ತಾರೆ ಎಂದು ಅವರಲ್ಲೊಬ್ಬಳಾದ ಗುಡ್ರುನ್ ಕೇಳಿದಳು.

"ಸಿಸ್ಟರ್-ಇನ್-ಲಾ."

"ನನ್ನ ಅಣ್ಣನ ಹೆಂಡತಿ?"

"ಅವಳೂ ಸಿಸ್ಟರ್-ಇನ್-ಲಾ."

"ಗಂಡನ ತಂಗಿ?"

"ಅವಳೂ ಅದೇ."

"ನಮ್ಮಲ್ಲೂ ಹಾಗೆಯೇ, ಎಲ್ಲರಿಗೂ ಒಂದೇ ಹೆಸರು," ಎಂದು ಗುಡ್ರುನ್ ನಕ್ಕಳು. ವಾರಿಜಾಕ್ಷಿ ಬೋರ್ಡಿನ ಮೇಲೆ ಓರಗಿತ್ತಿ, ಅತ್ತಿಗೆ, ನಾದಿನಿ ಎಂದು ಬೇರೆ ಬೇರೆ ಬರೆದು ತೋರಿಸಿದಾಗ ಏಳೂ ಜನ ಅದನ್ನು ಚಿತ್ರ ಬರೆಯುವವರಂತೆ ನೋಟ್‌ಬುಕ್ಕಿಗೆ ಇಳಿಸಿಕೊಂಡರು. ಮನಸ್ಸಿನ ಮಾತಿಗೆ ಬಂದಾಗ ಮಾತ್ರ ಅವಳ ಮನೆಯ ಕನ್ನಡ ಬಡವಾಯಿತು. ದುಃಖ, ಬೇಸರ, ಸಿಟ್ಟು, ಒಂಟಿತನ ಎಂದು ಇಂಗ್ಲಿಷಿನಲ್ಲಿ ಬೇರೆ ಬೇರೆ ಶಬ್ದ ಬರೆಯುತ್ತ ಹೋದಂತೆ, ಇಷ್ಟೆಲ್ಲದಕ್ಕೂ ತಾನು ಮನೆಯಲ್ಲಿ ಬೇಜಾರು ಎಂಬ ಒಂದೇ ಮಾತಿನಲ್ಲಿ ಸಂಸಾರ ಸಾಗಿಸುತ್ತಿದ್ದೇನಲ್ಲ ಎಂದು ಅವಳಿಗೇ ನಗು ಬಂತು.

ಗುಡ್ರುನ್ ನಲವತ್ತರ ಗಟ್ಟಿ ಹೆಂಗಸು, ಮಾತಿನಲ್ಲಿ ನೇರ. ಅವಳ ಗಂಡ ಡೀಟರ್‌ಗೆ ಗುರುವಾರ ಮಧ್ಯಾಹ್ನದ ಪಾಳಿ. ಅವರಿಗಿದ್ದದ್ದು ಒಂದೇ ಕಾರು. ಹೆಂಡತಿಯನ್ನು ಕರೆತಂದು ಬಿಟ್ಟು, ಕ್ಲಾಸ್ ಮುಗಿಯುವವರೆಗೆ ಅವನು ಪಾರ್ಕಿಂಗ್ ಲಾಟಿನ ಓಕ್ ಮರದ ಕೆಳಗೆ ಕಾರಿನಲ್ಲೇ ಕೂತಿರುತ್ತಿದ್ದ. ಪೇಪರ್ ಇಲ್ಲ, ರೇಡಿಯೋ ಇಲ್ಲ. ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟು ಎದುರಿನ ಗೋಡೆ ನೋಡುತ್ತಿದ್ದ. ಕಿಟಕಿಯಿಂದ ವಾರಿಜಾಕ್ಷಿಗೆ ಅದು ಕಾಣುತ್ತಿತ್ತು. ಒಮ್ಮೆ ಕೈಬೀಸಿದಳು. ಅವನು ಬೆಚ್ಚಿಬಿದ್ದವನಂತೆ ತಲೆ ಆಡಿಸಿ ಮುಖ ತಿರುಗಿಸಿದ.

ಮನಸ್ಸು ಕುಗ್ಗಿದವರಿಗೆ 'ಬ್ಲೂ' ಎನ್ನುತ್ತಾರೆಂದು ಅವಳಿಗೆ ಹೇಳಿದ್ದು ಪಕ್ಕದ ಮನೆಯ ಅಮೆರಿಕನ್ ಅಜ್ಜಿ. ಕಾರ್ಕಳದ ಪಾಠಪುಸ್ತಕದಲ್ಲಿಲ್ಲದ ಆ ಮಾತು ಅವಳಿಗೆ ಬಲು ಹಿಡಿಸಿತ್ತು. ಎಲ್ಲಿ ಬಳಸಲಿ ಎಂದು ಕಾಯುತ್ತಿದ್ದಳೆಂದರೂ ತಪ್ಪಲ್ಲ. ತಿಂಗಳ ಕೊನೆಯ ಗುರುವಾರ, ಉಳಿದವರು ಹೊರಟ ಮೇಲೆ, ಗುಡ್ರುನ್‌ಳ ತೋಳು ಮುಟ್ಟಿ ಮೆಲ್ಲಗೆ ಹೇಳಿದಳು:

"ತಪ್ಪು ತಿಳಿಯಬೇಡಿ. ನಿಮ್ಮ ಗಂಡ ಯಾಕೋ ತುಂಬಾ ಬ್ಲೂ ಆಗಿರುತ್ತಾರೆ. ಪ್ರತಿ ಗುರುವಾರವೂ ಕಾರಿನಲ್ಲಿ ಹಾಗೇ ಇರುವುದನ್ನು ನೋಡಿದ್ದೇನೆ."

ಗುಡ್ರುನ್‌ಳ ಮುಖ ಬಿಳಿಚಿಕೊಂಡಿತು. "ಪ್ರತಿ ಗುರುವಾರವೂ?"

"ಹೌದು. ನೀವು ಗಮನಿಸಿರಲಿಕ್ಕಿಲ್ಲ ಅಂತ ಹೇಳಿದೆ."

ಗುಡ್ರುನ್ ಥ್ಯಾಂಕ್ಸ್ ಕೂಡ ಹೇಳದೆ ಚೀಲ ಎತ್ತಿಕೊಂಡು ಹೊರಟಳು. ಕಿಟಕಿಯಿಂದ ನೋಡಿದರೆ, ಡೀಟರ್‌ನನ್ನು ಪಕ್ಕದ ಸೀಟಿಗೆ ಸರಿಸಿ ತಾನೇ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದಳು. ಪಾಪ, ಗಂಡನ ಮೇಲೆ ಎಷ್ಟು ಕಾಳಜಿ ಎಂದುಕೊಂಡಳು ವಾರಿಜಾಕ್ಷಿ.

ಮುಂದಿನ ಗುರುವಾರ ಗುಡ್ರುನ್ ಬರಲಿಲ್ಲ. ಅದರ ಮುಂದಿನ ವಾರವೂ ಅವಳ ಕುರ್ಚಿ ಖಾಲಿ. ಹುಷಾರಿಲ್ಲವೇನೋ ಎಂದು ವಾರಿಜಾಕ್ಷಿ ವಿಚಾರಿಸಿದಾಗ ಆರೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಬಾಯಿಬಿಟ್ಟವಳು ಸಿಗ್ರಿಡ್.

"ಅವಳು ಶನಿವಾರ ಮಗಳನ್ನು ಕರಕೊಂಡು ಜರ್ಮನಿಗೆ ಹೋಗುತ್ತಾಳೆ. ವಾಪಸ್ ಬರುವುದಿಲ್ಲ. ಡೀಟರ್ ಕುಡಿಯುತ್ತಾನಂತೆ. ಕುಡಿದು ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದನಂತೆ." ಸಿಗ್ರಿಡ್ ಅವಳತ್ತ ತಿರುಗಿದಳು. "ನೀವೇ ಅಲ್ಲವೇ ಹೇಳಿದ್ದು?"

"ನಾನಾ? ಕುಡಿಯುತ್ತಾನೆ ಅಂತ ನಾನು ಯಾವಾಗ ಹೇಳಿದೆ?"

"ಬ್ಲೂ ಅಂತ ಹೇಳಿದಿರಲ್ಲ. ಜರ್ಮನ್‌ನಲ್ಲಿ ಬ್ಲೌ. ನೀಲಿ. ನಮ್ಮಲ್ಲಿ ಒಬ್ಬ ನೀಲಿ ಆಗಿದ್ದಾನೆ ಅಂದರೆ ಚೆನ್ನಾಗಿ ಕುಡಿದಿದ್ದಾನೆ ಅಂತ."

ವಾರಿಜಾಕ್ಷಿಯ ಕೈಯಲ್ಲಿದ್ದ ಚಾಕ್‌ಪೀಸ್ ಎರಡು ತುಂಡಾಯಿತು. ಆಮೇಲೆ ಇಂಗ್ಲಿಷಿನಲ್ಲಿ ಆ ಮಾತಿಗೆ ಏನರ್ಥ ಎಂದು ಹೇಳಿದಳು. ಸಿಗ್ರಿಡ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಉಳಿದವರು ಜರ್ಮನ್‌ನಲ್ಲಿ ಒಟ್ಟಿಗೇ ಮಾತಾಡತೊಡಗಿದರು.

ಚರ್ಚಿನ ಆಫೀಸಿನಿಂದ ಗುಡ್ರುನ್‌ಳ ಮನೆಗೆ ಮೂರು ಸಲ ಫೋನ್ ಮಾಡಿದರೂ ಯಾರೂ ಎತ್ತಲಿಲ್ಲ. ವಾರಿಜಾಕ್ಷಿ ರಘುಪತಿಯ ಆಫೀಸಿಗೆ ಫೋನ್ ಮಾಡಿದಳು.

"ಎಂತ ಮಾರಾಯ್ತಿ, ಕ್ಲಾಸಿಲ್ವಾ ಇವತ್ತು?"

"ನಾನು ಒಂದು ಸಂಸಾರ ಒಡೆದು ಹಾಕಿದೆ, ಮಾರಾಯ್ರೆ," ಎಂದವಳು ನಡೆದದ್ದನ್ನೆಲ್ಲ ಹೇಳಿದಳು. "ಈಗಲೇ ಅವರ ಮನೆಗೆ ಹೋಗ್ತೇನೆ."

"ಅದು ಇಂಟರ್‌ಸ್ಟೇಟ್ ಹೈವೇಯಲ್ಲಿ ಇಪ್ಪತ್ತು ಮೈಲಿ ಉಂಟು. ನಿನಗೆ ಲೈಸೆನ್ಸ್ ಸಿಕ್ಕಿ ಎರಡು ತಿಂಗಳು ಆಗ್ಲಿಲ್ಲ. ಸಾಯಂಕಾಲ ನಾನೇ ಬರ್ತೇನೆ, ಒಟ್ಟಿಗೆ ಹೋಗುವಾ."

"ಸಾಯಂಕಾಲದವರೆಗೆ ನನ್ನಿಂದ ಕೂತ್ಕೊಳ್ಳಿಕ್ಕೆ ಆಗ್ಲಿಕ್ಕಿಲ್ಲ."

"ಸರಿ. ಬಲಗಡೆ ಲೇನಲ್ಲೇ ಹೋಗು. ಹಿಂದಿನವ ಹಾರ್ನ್ ಹಾಕಿದ್ರೆ ಹಾಕ್ಲಿ, ಅವನೇ ದಾಟಿಕೊಂಡು ಹೋಗ್ತಾನೆ."

ಅವಳು ಹಾಗೆಯೇ ಹೋದಳು. ದೈತ್ಯ ಲಾರಿಗಳು ಪಕ್ಕದಲ್ಲಿ ಹಾದುಹೋಗುವಾಗ ಕಾರೇ ನಡುಗುತ್ತಿತ್ತು. ಹಿಂದಿನಿಂದ ಹಾರ್ನ್ ಹಾಕದವರೇ ಇರಲಿಲ್ಲ. ಎರಡೂ ಬದಿಯ ಪೀಚ್ ತೋಟಗಳು ಯಾವಾಗ ಬಂದವು, ಯಾವಾಗ ಮುಗಿದವು ಎಂಬುದು ಅವಳಿಗೆ ಗೊತ್ತಾಗಲಿಲ್ಲ. ಎಕ್ಸಿಟ್ ತೆಗೆದುಕೊಂಡು ಒಳರಸ್ತೆಗೆ ಇಳಿದಾಗ ಬೆವರಿಗೆ ಅಂಗೈ ಸ್ಟಿಯರಿಂಗಿಗೆ ಅಂಟಿತ್ತು.

ಬಾಗಿಲು ತೆರೆದ ಗುಡ್ರುನ್ ಒಳಗೆ ಬನ್ನಿ ಎನ್ನಲಿಲ್ಲ. ಅವಳ ಹಿಂದೆ ನಡುಮನೆಯಲ್ಲಿ ಮೂರು ದೊಡ್ಡ ಸೂಟ್‌ಕೇಸ್‌ಗಳು ಸಾಲಾಗಿ ನಿಂತಿದ್ದವು.

"ನಾನು ಹೇಳಿದ ಮಾತಿನ ಅರ್ಥ ಬೇರೆ," ಎಂದಳು ವಾರಿಜಾಕ್ಷಿ, ಏದುಸಿರಿನಲ್ಲೇ. "ಇಂಗ್ಲಿಷಿನಲ್ಲಿ ಬ್ಲೂ ಅಂದರೆ ಕುಡಿದವನಲ್ಲ. ದುಃಖದಲ್ಲಿರುವವನು. ಸ್ಯಾಡ್. ಡೀಟರ್ ದುಃಖದಲ್ಲಿದ್ದ ಹಾಗೆ ಕಂಡಿತು, ಅಷ್ಟನ್ನೇ ಹೇಳಿದ್ದು. ನಿಮ್ಮ ಭಾಷೆಯಲ್ಲಿ ಅದಕ್ಕೆ ಇನ್ನೊಂದು ಅರ್ಥ ಇದೆ ಅಂತ ನನಗೆ ಗೊತ್ತಿರಲಿಲ್ಲ. ತಪ್ಪು ನನ್ನದು."

ಗುಡ್ರುನ್ ಅವಳನ್ನೇ ದಿಟ್ಟಿಸಿದಳು. "ಸ್ಯಾಡ್?"

"ಸ್ಯಾಡ್. ಅವರ ಕೈಯಲ್ಲಿ ಬಾಟಲಿ ನಾನು ಯಾವತ್ತೂ ನೋಡಿಲ್ಲ."

ಗುಡ್ರುನ್ ಹಿಂದಕ್ಕೆ ಸರಿದು ಒಂದು ಸೂಟ್‌ಕೇಸಿನ ಮೇಲೆ ಕುಸಿದಳು. ಮೊದಲು ನಗು ಬಂತು, ಆ ನಗುವಿನ ಹಿಂದೆಯೇ ಅಳು. ವಾರಿಜಾಕ್ಷಿ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಪಕ್ಕದ ಸೂಟ್‌ಕೇಸಿನ ಮೇಲೆ ಕೂತು ಅವಳ ಬೆನ್ನು ಸವರಿದಳು.

"ಎರಡು ವಾರದಿಂದ ಅವನ ಬಾಯಿ ಮೂಸುತ್ತಿದ್ದೇನೆ," ಎಂದಳು ಗುಡ್ರುನ್, ತನ್ನ ಮುರುಕು ಇಂಗ್ಲಿಷಿನಲ್ಲಿ. "ವಾಸನೆ ಇಲ್ಲ. ವೋಡ್ಕಾ ಇರಬೇಕು, ಅದಕ್ಕೆ ವಾಸನೆ ಇರುವುದಿಲ್ಲ ಎಂದುಕೊಂಡೆ. ಗರಾಜ್ ಹುಡುಕಿದೆ. ಕಾರಿನ ಕೀ ಕಿತ್ತುಕೊಂಡೆ. ಅವನು ಇಲ್ಲ ಇಲ್ಲ ಎನ್ನುತ್ತಾನೆ. ನನ್ನ ಅಪ್ಪನೂ ಹಾಗೇ ಇಲ್ಲ ಇಲ್ಲ ಎನ್ನುತ್ತಿದ್ದ. ರೈಲ್ವೆ ಕೆಲಸ ಹೋಯಿತು, ಆಗಲೂ ಇಲ್ಲ ಎಂದ. ನನ್ನ ಅಮ್ಮ ಇಪ್ಪತ್ತು ವರ್ಷ ನಂಬಿದಳು. ನಾನು ನಂಬಬಾರದು ಎಂದು ತೀರ್ಮಾನ ಮಾಡಿದ್ದೆ."

ಅವಳು ಕಣ್ಣೊರೆಸಿಕೊಂಡು ಎದ್ದು ಹಿಂಬಾಗಿಲಿಗೆ ಹೋಗಿ ಗಂಡನನ್ನು ಕೂಗಿದಳು. ಪಾಳಿಗೆ ಇನ್ನೂ ಹೊತ್ತಿತ್ತು; ಡೀಟರ್ ಹಿತ್ತಲಿನಲ್ಲಿ ಮಗಳ ಸೈಕಲ್ಲಿನ ಚೈನಿಗೆ ಎಣ್ಣೆ ಹಾಕುತ್ತಿದ್ದ. ಎಣ್ಣೆಗೈಯಲ್ಲೇ ಒಳಗೆ ಬಂದು, ಟೀಚರನ್ನು ಕಂಡು ಬಾಗಿಲಲ್ಲೇ ನಿಂತ. ಗುಡ್ರುನ್ ಜರ್ಮನ್‌ನಲ್ಲಿ ಉಸಿರು ತೆಗೆದುಕೊಳ್ಳದೆ ಹೇಳತೊಡಗಿದಳು. ವಾರಿಜಾಕ್ಷಿಗೆ ಒಂದು ಅಕ್ಷರವೂ ಅರ್ಥವಾಗಲಿಲ್ಲ, ಅವನ ಮುಖ ಮಾತ್ರ ಅರ್ಥವಾಯಿತು. ಹುಬ್ಬು ಗಂಟಾಗಿದ್ದದ್ದು ಮೆಲ್ಲಗೆ ಸಡಿಲವಾಯಿತು, ಬಾಯಿ ತೆರೆಯಿತು, ಕೊನೆಗೆ ಆ ದೊಡ್ಡ ಮನುಷ್ಯ ಗೋಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕ. ಗೋಡೆಗೆಲ್ಲ ಎಣ್ಣೆಯ ಗುರುತಾಯಿತು. ಗುಡ್ರುನ್ ಬೈಯಲಿಲ್ಲ.

ನಗು ನಿಂತ ಮೇಲೆ ಅವಳು ಗಂಡನ ಎದುರು ನಿಂತು, ಟೀಚರಿಗೂ ತಿಳಿಯಲಿ ಎಂದು ಇಂಗ್ಲಿಷಿನಲ್ಲೇ ಕೇಳಿದಳು: "ಹಾಗಾದರೆ ಯಾಕೆ ಸ್ಯಾಡ್?"

ಡೀಟರ್ ಒಂದೊಂದೇ ಶಬ್ದ ಹುಡುಕಿ, ಸಿಗದ ಕಡೆ ಹೆಂಡತಿಯನ್ನು ಕೇಳಿ ಹೇಳಿದ. ಊರಿನ ಕಾರ್ಖಾನೆಯಲ್ಲಿ ಅವನ ಸುತ್ತ ಯಾವಾಗಲೂ ಜನ. ಊಟದ ಹೊತ್ತಿಗೆ ಎಲ್ಲರನ್ನೂ ನಗಿಸುವವನು ಅವನೇ. ಇಲ್ಲಿ ಹುಡುಗರು ಏನೋ ಹೇಳಿ ನಗುತ್ತಾರೆ, ಇವನಿಗೆ ಅರ್ಥವಾಗುವಷ್ಟರಲ್ಲಿ ಅವರು ಬೇರೆ ಮಾತಿಗೆ ಹೋಗಿರುತ್ತಾರೆ.

"ಜರ್ಮನ್‌ನಲ್ಲಿ ನಾನು ತಮಾಷೆಯ ಮನುಷ್ಯ," ಎಂದ. "ಇಂಗ್ಲಿಷಿನಲ್ಲಿ ನಾನು ಪೆದ್ದ."

"ಮತ್ತೆ ನನಗೆ ಯಾಕೆ ಹೇಳಲಿಲ್ಲ?" ಎಂದಳು ಗುಡ್ರುನ್.

"ನೀನು ಕ್ಲಾಸಿನಿಂದ ಖುಷಿಯಾಗಿ ಬರುತ್ತಿದ್ದೆ. ನನಗೂ ಒಳಗೆ ಬಂದು ಕೂರಬೇಕು ಅನ್ನಿಸುತ್ತಿತ್ತು. ಆದರೆ ಒಳಗೆ ಇರುವವರೆಲ್ಲ ಹೆಂಗಸರು."

ಅಷ್ಟು ಹೇಳಿ ಅವನು ಕಿವಿಯವರೆಗೂ ಕೆಂಪಾದ. ಗುಡ್ರುನ್ ಅವನ ಎಣ್ಣೆಗೈಗಳನ್ನು ಹಾಗೇ ತನ್ನ ಕೈಯೊಳಗೆ ತೆಗೆದುಕೊಂಡಳು. ವಾರಿಜಾಕ್ಷಿ ತಿರುಗಿ ಕಿಟಕಿಯಾಚೆ ನೋಡಿದಳು. ಎರಡು ವಾರದಿಂದ ತನ್ನ ಮಾತೊಂದು ಈ ಮನೆಯನ್ನು ಸುಡುತ್ತಿದ್ದದ್ದು ಅವಳಿಗೆ ಗೊತ್ತೇ ಇರಲಿಲ್ಲ. ಬೆಳಿಗ್ಗೆ ಗೊತ್ತಾದಾಗಿನಿಂದ ಎದೆಯ ಮೇಲೆ ಕೂತಿದ್ದ ಭಾರ ಈಗ ಇಳಿದು, ಮೈಯೆಲ್ಲ ಹಗುರವಾಗಿ, ಇದ್ದಕ್ಕಿದ್ದಂತೆ ಕೆಟ್ಟ ಹಸಿವಾಯಿತು.

ಗುಡ್ರುನ್ ಊಟ ಮಾಡದೆ ಕಳಿಸಲಿಲ್ಲ. ಆಲೂಗಡ್ಡೆ ತುರಿದು ದೋಸೆಯಂತೆ ಎಣ್ಣೆಯಲ್ಲಿ ಬೇಯಿಸಿ ತಟ್ಟೆಗೆ ಹಾಕುತ್ತಲೇ ಹೋದಳು. ವಾರಿಜಾಕ್ಷಿ ಲೆಕ್ಕವಿಡದೆ ತಿಂದಳು. ವಿಮಾನದ ಟಿಕೆಟ್ ರದ್ದು ಮಾಡಲು ಡೀಟರ್ ಫೋನ್ ಹಿಡಿದು ಕೂತ. ಆಚೆಯವರು ಹೇಳಿದ್ದು ತಿಳಿಯದೆ ಎರಡು ಸಲ ರಿಸೀವರನ್ನು ವಾರಿಜಾಕ್ಷಿಯ ಕೈಗೆ ಕೊಟ್ಟ. ಮೂರನೆಯ ಸಲ ಕೊಡಲು ಬಂದಾಗ ಅವಳು ತೆಗೆದುಕೊಳ್ಳಲಿಲ್ಲ. "ನೀವೇ ಮಾತಾಡಿ. ಮೆಲ್ಲಗೆ ಹೇಳಿ ಎಂದು ಕೇಳಿ." ಅವನು ಕೇಳಿದ. ಆಚೆಯವರು ಮೆಲ್ಲಗೆ ಹೇಳಿದರು. ಕೆಲಸ ಆಯಿತು.

ಮೇ ಮೂರನೆಯ ಗುರುವಾರ ಚರ್ಚಿನ ಹಾಲಿನಲ್ಲಿ ಎಂಟು ಕುರ್ಚಿಗಳಿದ್ದವು. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಡೀಟರ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೊಸ ಪೆನ್ಸಿಲ್ ಹಿಡಿದು ಕೂತಿದ್ದ. ವಾರಿಜಾಕ್ಷಿ ಅವತ್ತು ಪಾಠದ ಕ್ರಮ ಬದಲಿಸಿದಳು. ಯಾವ ಹೊಸ ಶಬ್ದ ಬಂದರೂ ಮೊದಲು ನಿಮ್ಮ ಭಾಷೆಯಲ್ಲಿ ಇದಕ್ಕೆ ಇನ್ನೇನಾದರೂ ಅರ್ಥವಿದೆಯೇ ಹೇಳಿ ಎಂದು ಕೇಳತೊಡಗಿದಳು. ಗಿಫ್ಟ್ ಎಂದರೆ ಜರ್ಮನ್‌ನಲ್ಲಿ ವಿಷ ಎಂದು ತಿಳಿದಾಗ, ಹುಟ್ಟುಹಬ್ಬಕ್ಕೆ ಇವರಿಗೆಲ್ಲ ಗಿಫ್ಟ್ ತರುತ್ತೇನೆ ಎಂದು ಹಿಂದೊಮ್ಮೆ ಹೇಳಿದ್ದು ನೆನಪಾಗಿ ತಲೆ ಚಚ್ಚಿಕೊಂಡಳು.

ಕ್ಲಾಸಿನ ಕೊನೆಗೆ ಡೀಟರ್ ಎದ್ದು ನಿಂತ. ಒಂದು ತಮಾಷೆ ಹೇಳಲೇ ಎಂದು ಕೇಳಿದ. ಒಬ್ಬ ರೈತ, ಒಬ್ಬ ಪಾದ್ರಿ, ಒಂದು ಹಂದಿ. ಹೇಳಿ ಮುಗಿಸಲು ಐದು ನಿಮಿಷ ಬೇಕಾಯಿತು. ನಡುವೆ ಹಂದಿ ಎಲ್ಲಿಗೆ ಹೋಯಿತು ಎಂಬುದು ಯಾರಿಗೂ ಗೊತ್ತಾಗಲಿಲ್ಲ. ಕೊನೆಯ ಮಾತು ಹೇಳುವ ಮೊದಲೇ ಅವನೇ ನಕ್ಕುಬಿಟ್ಟ. ಅವನನ್ನು ನೋಡಿ ಗುಡ್ರುನ್ ನಕ್ಕಳು, ಅವಳನ್ನು ನೋಡಿ ಇಡೀ ಹಾಲ್ ನಕ್ಕಿತು.

ವಾರಿಜಾಕ್ಷಿಗೆ ಆ ತಮಾಷೆಯ ಸ್ವಾರಸ್ಯ ಹೊಳೆದದ್ದು ಸಂಜೆ, ಸಿಂಕಿನ ಹತ್ತಿರ ಕುಚ್ಚಲಕ್ಕಿ ಅನ್ನ ಬಸಿಯುತ್ತಿದ್ದಾಗ. ಪಾತ್ರೆ ಕೆಳಗಿಟ್ಟು ಒಬ್ಬಳೇ ನಗತೊಡಗಿದಳು.

"ಎಂತದು?" ಎಂದ ರಘುಪತಿ, ಸೋಫಾದಿಂದಲೇ.

"ತಡೀರಿ, ಹೇಳ್ತೇನೆ. ಒಬ್ಬ ರೈತ ಇದ್ದ..."

ಕನ್ನಡಕ್ಕೆ ಬರುವಷ್ಟರಲ್ಲಿ ಅದರಲ್ಲಿ ನಗುವಂಥದ್ದು ಏನೂ ಉಳಿದಿರಲಿಲ್ಲ. ರಘುಪತಿ ಕೊನೆಯವರೆಗೆ ಗಂಭೀರವಾಗಿ ಕೇಳಿ, "ಮತ್ತೆ ಹಂದಿ ಎಲ್ಲಿಗೆ ಹೋಯ್ತು?" ಎಂದ. ಆ ಪ್ರಶ್ನೆಗೆ ವಾರಿಜಾಕ್ಷಿ ಅಡಿಗೆಕೋಣೆಯ ನೆಲದ ಮೇಲೆ ಕೂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.