ಜನರೇಟರಿನ ಮೇಲಿನ ಚುಕ್ಕಿ

ಜನರೇಟರ್ ಓಡುತ್ತಿತ್ತು, ಗಾಡಿ ಮಾತ್ರ ನಿಂತುಬಿಟ್ಟಿತ್ತು. ಗುಡ್ಡದ ಆರನೇ ತಿರುವು, ಮೇಲಿನ ಆಸ್ಪತ್ರೆಗೆ ಇನ್ನು ನಾಲ್ಕೇ ಕಿಲೋಮೀಟರ್. ಬ್ಯಾಟರಿ ಪಿಕಪ್ಪಿನ ಹಿಂಭಾಗದಲ್ಲಿ, ಮರಳಿನ ಮೂಟೆಗಳ ಮುಂದೆ ಕೂತ ಜನರೇಟರ್ ಇಡೀ ಗುಡ್ಡಕ್ಕೆ ಕೇಳುವ ಹಾಗೆ ಅರಚಿಕೊಳ್ಳುತ್ತಿತ್ತು.

"ಇನ್ನೊಂದು ಹತ್ತು ನಿಮಿಷ ತಡಿ, ಕರೆಂಟ್ ತುಂಬ್ಕೊಳ್ಳತ್ತೆ!" ಮಾವ ಕೂಗಿದರು.

"ಅರ್ಧ ಗಂಟೆಯಿಂದ ಅದನ್ನೇ ಹೇಳ್ತಿದ್ದೀರಿ ಮಾವ," ಅಂದಳು ಸ್ಟಿಯರಿಂಗ್ ಹಿಡಿದು ಕೂತಿದ್ದ ಸೊಸೆ. ಹತ್ತು ನಿಮಿಷ ತುಂಬಿಸಿದ್ದನ್ನು ಗಾಡಿ ಎರಡೇ ನಿಮಿಷದಲ್ಲಿ ಕುಡಿದು ಮತ್ತೆ ಕಣ್ಣು ಮುಚ್ಚುತ್ತಿತ್ತು.

ಕೊನೆಗೆ ಇಟ್ಟಿಗೆ ಲಾರಿಯವನೊಬ್ಬ ಹಗ್ಗ ಕಟ್ಟಿ ಅವರನ್ನು ಮೇಲಕ್ಕೆ ಎಳೆದ. ಎಳೆಯುವವನು ಸುಮ್ಮನೆ ಎಳೆಯಬಾರದೇ? "ಏನಜ್ಜಾ, ಜನರೇಟರ್‌ಗೂ ಒಂದು ಜನರೇಟರ್ ಬೇಕಾ?" ಎಂದು ಹಲ್ಲು ಕಿರಿದ. ಮಾವ ಮುಖ ಆಚೆ ತಿರುಗಿಸಿದರು.

ನಲವತ್ತು ವರ್ಷ ಜನರೇಟರ್ ರಿಪೇರಿ ಮಾಡಿದ ಮನುಷ್ಯ ಅವರು. ಆ ಸದ್ದಿನಲ್ಲಿ ಕಿವಿ ಅರ್ಧ ಹೋಗಿ, ಗುಟ್ಟು ಹೇಳಿದರೂ ಬೀದಿಗೆಲ್ಲ ಕೇಳುತ್ತಿದ್ದುದರಿಂದ ಜನ ಅವರನ್ನು ಗುಡುಗಪ್ಪ ಅನ್ನುತ್ತಿದ್ದರು. ರಿಪೇರಿಯಾದ ಜನರೇಟರ್ ಮನಸ್ಸಿಗೆ ಒಪ್ಪಿದರೆ, ಅದರ ಹಣೆಯ ತಗಡಿನ ಮೇಲೆ ಉಕ್ಕಿನ ಮೊಳೆಯಿಟ್ಟು ಸುತ್ತಿಗೆಯಿಂದ ಒಂದು ಚುಕ್ಕಿ ಹೊಡೆಯುತ್ತಿದ್ದರು. ಚುಕ್ಕಿ ಬೀಳದ ಜನರೇಟರ್ ಶೆಡ್ಡಿನ ಬಾಗಿಲು ದಾಟುತ್ತಿರಲಿಲ್ಲ. ಆ ಮೊಳೆಯನ್ನು ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ, ಹೆಂಡತಿ ಕೂಡ.

ಪಿಕಪ್ಪಿನ ಕೆಲಸ ಮಾತ್ರ ಸೊಸೆಯದು. ಏಳು ವರ್ಷ ಬಟ್ಟೆ ಒಗೆಯುವ ಕಾರ್ಖಾನೆಯ ವ್ಯಾನು ಓಡಿಸಿ, ಈಗ ಸ್ವಂತ ಗಾಡಿ ಕೊಂಡಿದ್ದಳು. ಕಾರ್ಖಾನೆಗೆ ಗುಡ್ಡದ ಆಸ್ಪತ್ರೆಯ ಹಾಸಿಗೆ ಬಟ್ಟೆಯ ಕೆಲಸ ಹೊಸದಾಗಿ ಸಿಕ್ಕಿತ್ತು: ಬೆಳಿಗ್ಗೆ ಒಗೆದ ಬಟ್ಟೆ ಒಯ್ಯಬೇಕು, ಕೊಳೆಬಟ್ಟೆ ತುಂಬಿಕೊಂಡು ಮಧ್ಯಾಹ್ನ ಎರಡು ಗಂಟೆಯೊಳಗೆ ವಾಪಸ್ಸಾಗಬೇಕು. ಹೋಗಲು ತೊಂಬತ್ತು ಕಿಲೋಮೀಟರ್, ಬರಲು ತೊಂಬತ್ತು. ಭಾರ ಹೊತ್ತು ಸಮತಟ್ಟು ರಸ್ತೆಯಲ್ಲೇ ಗಾಡಿ ಓಡುವುದು ನೂರಿಪ್ಪತ್ತು. ಮೇಲಿನ ಆಸ್ಪತ್ರೆಯಲ್ಲಿ ಒಂದು ಸಾದಾ ಪ್ಲಗ್ ಇತ್ತು, ಅದಕ್ಕೆ ಸಿಕ್ಕಿಸಿದರೆ ಸಂಜೆಯವರೆಗೆ ಕಾಯಬೇಕು. ಹಾಗಾಗಿ ಗಾಡಿಯಲ್ಲೇ ಜನರೇಟರ್ ಕೂರಿಸುವ ಯೋಚನೆ. ಮಾವನ ಶೆಡ್ಡಿನಿಂದ ಹಳೆಯದೊಂದನ್ನು ಎತ್ತಿಕೊಂಡು, ಅದಕ್ಕೆ ಚೌಕಟ್ಟು, ಬ್ಯಾಟರಿಗೆ ವೈರು, ಹೊಗೆಯನ್ನು ಕೆಳಗಿಳಿಸಿ ಪಕ್ಕಕ್ಕೆ ಬಿಡುವ ಕೊಳವೆ, ಬಟ್ಟೆಗೆ ಶಾಖ ತಗುಲದಂತೆ ತಗಡಿನ ಗೋಡೆ, ಎಲ್ಲವನ್ನೂ ಅವಳೇ ಮೂರು ವಾರ ಕೂತು ಮಾಡಿದ್ದಳು. ಮಾವ ಮಾಡಿದ್ದು ಇಂಜಿನ್ ರಿಪೇರಿ ಒಂದೇ. ಆದರೂ ಬೀದಿಯಲ್ಲಿ ಕೇಳಿದವರಿಗೆಲ್ಲ, "ನನ್ನ ಜನರೇಟರ್ ಗುಡ್ಡ ಹತ್ತತ್ತೆ" ಎಂದು ಗುಡುಗಿದ್ದರು.

"ಚುಕ್ಕಿ ಹೊಡೀರಿ ಮಾವ," ಎಂದು ಅವಳು ಕೇಳಿದಾಗ, "ಮೊದಲು ಹತ್ತಿ ಇಳೀಲಿ" ಅಂದಿದ್ದರು. ಶನಿವಾರ ಮರಳು ಮೂಟೆ ಹೇರಿಕೊಂಡು ಪರೀಕ್ಷೆಗೆ ಹೊರಟದ್ದು ಹಗ್ಗದಲ್ಲಿ ಮುಗಿಯಿತು. ಸೋಮವಾರ ನಿಜವಾದ ಬಟ್ಟೆ. ಅದು ತಪ್ಪಿದರೆ ಆ ದಾರಿ ಡೀಸೆಲ್ ವ್ಯಾನಿನವನ ಪಾಲು ಎಂದು ಕಾರ್ಖಾನೆಯ ಯಜಮಾನಿ ಕಡ್ಡಿ ಮುರಿದಂತೆ ಹೇಳಿದ್ದಳು.

ಭಾನುವಾರ ಬೆಳಿಗ್ಗೆ ಸೊಸೆ ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿ ಲೆಕ್ಕ ಹಾಕುತ್ತಿದ್ದಳು. "ಮಾವ, ನಿನ್ನೆ ಜನರೇಟರ್ ಯಾವಾಗ ಹಾಕಿದ್ರಿ?"

"ಬ್ಯಾಟರಿ ಮುಗಿದಾಗ."

"ಹೊರಡೋವಾಗಲೇ ಹಾಕೋಣ ಅಂತ ನಾನು ಕೇಳಿದ್ದೆ."

"ಕರೆಂಟ್ ಇರೋವಾಗ ಯಾರಾದ್ರೂ ಜನರೇಟರ್ ಹಾಕ್ತಾರೇನೇ? ನಲವತ್ತು ವರ್ಷ, ಸಿನಿಮಾ ಮಂದಿರ, ಮದುವೆ ಮನೆ, ಆಪರೇಷನ್ ಕೋಣೆ, ಎಲ್ಲಾ ನೋಡಿದೀನಿ. ದೀಪ ಹೋಗತ್ತೆ, ನಾನು ಜನರೇಟರ್ ಹಗ್ಗ ಎಳೀತೀನಿ. ಅದೇ ಕ್ರಮ."

ಸೊಸೆ ಪೆನ್ಸಿಲ್ ಕೆಳಗಿಟ್ಟಳು. "ನಮ್ಮನೆ ಮಾಳಿಗೆ ಟ್ಯಾಂಕಿಗೆ ಇರೋದು ಸಣ್ಣ ಪಂಪು. ಟ್ಯಾಂಕ್ ಪೂರ್ತಿ ಖಾಲಿಯಾದ್ಮೇಲೆ ಪಂಪ್ ಹಾಕಿ, ಎಲ್ಲಾ ನಲ್ಲಿ ತಿರುಗಿಸಿದ್ರೆ ಏನು ಬರತ್ತೆ?"

"ಗಾಳಿ ಬರತ್ತೆ," ಒಲೆಯ ಹತ್ತಿರವಿದ್ದ ಅತ್ತೆ ಅಂದರು. "ನಿಮ್ಮಾವ ತಲೆಗೆ ಸೋಪು ಹಚ್ಕೊಂಡು ಬಚ್ಚಲಿಂದ ಕೂಗ್ತಾರೆ."

"ಅಷ್ಟೇ ಅತ್ತೆ. ಬ್ಯಾಟರಿನೇ ಟ್ಯಾಂಕು. ಜನರೇಟರ್ ಸಣ್ಣ ಪಂಪು. ಗುಡ್ಡ ಹತ್ತಿಸೋ ತಾಕತ್ತು ಇದಕ್ಕಿಲ್ಲ. ಆದ್ರೆ ಗೇಟಿಂದಲೇ ಓಡಿದ್ರೆ, ಗುಡ್ಡದ ಬುಡಕ್ಕೆ ಹೋಗೋ ಹೊತ್ತಿಗೆ ಟ್ಯಾಂಕಲ್ಲಿ ಬೇಕಾದಷ್ಟು ಉಳಿದಿರತ್ತೆ."

ಮಾವ ಲೋಟ ಕೆಳಗಿಟ್ಟು ಎದ್ದರು. ನಿನ್ನೆ ಗಾಡಿ ನಿಂತದ್ದು ಯಂತ್ರದ ದೋಷದಿಂದಲ್ಲ, ತಮ್ಮ ಕೈಯ ಅಭ್ಯಾಸದಿಂದ ಎನ್ನುವುದು ಅವರಿಗೆ ತಿಳಿಯಿತು, ತಿಳಿದದ್ದು ಚೆನ್ನಾಗಿಯೇ ನೋಯಿಸಿತು. ಇಡೀ ದಿನ ಶೆಡ್ಡಿನಿಂದ ಹೊರಗೆ ಬರಲಿಲ್ಲ. ಆ ದಿನ ಬೀದಿಯಲ್ಲಿ ಅವರ ಧ್ವನಿಯೇ ಕೇಳದೆ ಎದುರು ಮನೆಯವರು ಬಂದು, ಹುಷಾರಾಗಿದ್ದಾರಾ ಎಂದು ವಿಚಾರಿಸಿಕೊಂಡು ಹೋದರು.

ಸೋಮವಾರ ಬೆಳಿಗ್ಗೆ ಸೊಸೆ ಹೊರಗೆ ಬಂದಾಗ ಜನರೇಟರಿಗೆ ಪೆಟ್ರೋಲ್ ತುಂಬಿತ್ತು. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪಕ್ಕದ ಸೀಟಿನಲ್ಲಿ ಕೂತಾಗಿತ್ತು. ಕಾರ್ಖಾನೆಯಲ್ಲಿ ಬಿಳಿ ಬಟ್ಟೆಯ ಗಂಟುಗಳನ್ನು ಹೇರಿದ ಮೇಲೆ, ಗೇಟಿನ ಹತ್ತಿರ ಅವರು ಇಳಿದು ಹಿಂದೆ ಹೋದರು. ಬ್ಯಾಟರಿ ಪೂರ್ತಿ ತುಂಬಿತ್ತು. ಹಗ್ಗ ಹಿಡಿದ ಕೈ ಒಂದು ಗಳಿಗೆ ತಡೆಯಿತು.

"ಎಳೀರಿ ಮಾವ!"

ಎಳೆದರು.

ಸಮತಟ್ಟು ರಸ್ತೆಯುದ್ದಕ್ಕೂ ಅವರ ಕಣ್ಣು ಬ್ಯಾಟರಿಯ ಮುಳ್ಳಿನ ಮೇಲೆಯೇ. "ಇಷ್ಟೊಂದು ಇದೆಯಲ್ಲೇ, ಆರಿಸಿಬಿಡ್ಲಾ? ಕೈ ಕಡೀತಿದೆ."

"ಕೈ ಕಟ್ಕೊಂಡು ಕೂತ್ಕೊಳ್ಳಿ."

ಗುಡುಗಪ್ಪನಿಗೆ ಹೀಗೆ ಹೇಳಿ ಬದುಕಿದವರಿಲ್ಲ. ಅವರು ಕೈ ಕಟ್ಟಿಕೊಂಡು ಕೂತರು.

ಗುಡ್ಡದ ಬುಡದಲ್ಲಿ ಮುಳ್ಳು ಮುಕ್ಕಾಲಿನ ಮೇಲಿತ್ತು. ಏರು ಶುರುವಾದ ಮೇಲೆ ಇಳಿಯತೊಡಗಿತು, ಆದರೆ ಜನರೇಟರ್ ಕೆಳಗಿನಿಂದ ಕೈ ಕೊಟ್ಟು ಹಿಡಿದುಕೊಂಡಿತ್ತು. ಆರನೇ ತಿರುವಿನಲ್ಲಿ ಅದೇ ಇಟ್ಟಿಗೆ ಲಾರಿ ಟೈರು ತಣಿಸಿಕೊಳ್ಳುತ್ತ ನಿಂತಿತ್ತು. ಲಾರಿಯವನು ಹಗ್ಗವನ್ನು ಎತ್ತಿ ಆಡಿಸಿದ. "ಅಜ್ಜಾ, ಬೇಕಾ?"

ಮಾವ ಅರ್ಧ ದೇಹ ಕಿಟಕಿಯಿಂದ ಹೊರಗೆ ಹಾಕಿದರು. "ಅದಕ್ಕೆ ನಿನ್ನ ಬಟ್ಟೆ ಒಣಗಾಕ್ಕೊಳೋ!"

ಗುಡ್ಡಕ್ಕೆ ಗುಡ್ಡವೇ ಕೇಳಿಸಿಕೊಂಡಿರಬೇಕು. ಸೊಸೆ ನಕ್ಕ ರಭಸಕ್ಕೆ ಗಾಡಿ ಸ್ವಲ್ಪ ಓಲಾಡಿತು.

ಆಸ್ಪತ್ರೆಯ ಗೇಟಿನಲ್ಲಿ ಸದ್ದು ಮಾಡಬಾರದೆಂದು ಜನರೇಟರ್ ಆರಿಸಿ, ಗಾಡಿಯನ್ನು ಮೆಲ್ಲಗೆ ಅಂಗಳಕ್ಕೆ ತಂದಳು. ಹಿರಿಯ ನರ್ಸ್ ಬಂದು ಒಂದು ಗಂಟು ಬಿಚ್ಚಿ, ಹೊದಿಕೆಯನ್ನು ಮೂಗಿಗೆ ಹಿಡಿದಳು. ಇನ್ನೊಂದು ಗಂಟನ್ನೂ ಬಿಚ್ಚಿದಳು. ಸೊಸೆ ಹೊಗೆಯ ಕೊಳವೆಯತ್ತ ಒಮ್ಮೆ ನೋಡಿದಳು.

"ಸೋಪಿನ ವಾಸನೆ ಬಿಟ್ರೆ ಬೇರೇನೂ ಇಲ್ಲ. ಯಾರು ಮಾಡಿದ್ದು ಈ ಗಾಡಿ?"

ಮಾವ ಕೆಮ್ಮಿ ಗಂಟಲು ಸರಿ ಮಾಡಿಕೊಂಡರು. "ನನ್ನ ಸೊಸೆ!" ವಾರ್ಡಿನ ಕಿಟಕಿಗಳಲ್ಲಿ ನಾಲ್ಕಾರು ತಲೆ ಕಾಣಿಸಿಕೊಂಡವು. ನರ್ಸ್ ತುಟಿಯ ಮೇಲೆ ಬೆರಳಿಟ್ಟಳು. "ನನ್ನ ಸೊಸೆ," ಅವರು ಮತ್ತೆ ಹೇಳಿದರು, ತಮ್ಮ ಕೈಲಾದಷ್ಟು ಮೆಲ್ಲಗೆ. ಸೊಸೆ ಎಲ್ಲಿ ನೋಡಬೇಕೋ ತಿಳಿಯದೆ ಟೈರನ್ನು ನೋಡಿದಳು. ಅವಳಿಗೆ ಹೆಮ್ಮೆಯಾಗಿತ್ತು, ತುಂಬಾ ಹೆಮ್ಮೆ.

ವಾಪಸ್ ಬರುವಾಗಲೂ ಜನರೇಟರ್ ದಾರಿಯುದ್ದಕ್ಕೂ ಓಡಿತು. ಒಂದೂಮುಕ್ಕಾಲಿಗೆ ಕೊಳೆಬಟ್ಟೆ ಕಾರ್ಖಾನೆಯಲ್ಲಿ ಇಳಿಯಿತು. ಯಜಮಾನಿ ಗಡಿಯಾರ ನೋಡಿ, "ನಾಳೆ ಇದೇ ಹೊತ್ತಿಗೆ" ಎಂದಷ್ಟೇ ಹೇಳಿದಳು. ಸಾಕಾಗಿತ್ತು.

ಮನೆಯ ಮುಂದೆ ಗಾಡಿ ನಿಲ್ಲಿಸಿದೊಡನೆ ಮಾವ ಶೆಡ್ಡಿಗೆ ಹೋಗಿ ಸುತ್ತಿಗೆ, ಮೊಳೆ ತಂದರು. ಅಂಗಿಯ ತುದಿಯಿಂದ ಜನರೇಟರಿನ ತಗಡನ್ನು ಒರೆಸಿದರು. ಆಮೇಲೆ ಎರಡನ್ನೂ ಸೊಸೆಯ ಕೈಗೆ ಕೊಟ್ಟರು.

"ನಾನಾ?"

"ಮತ್ಯಾರು?"

ಬಾಗಿಲಲ್ಲಿ ನಿಂತಿದ್ದ ಅತ್ತೆಯ ಕೈಯಲ್ಲಿದ್ದ ಲೋಟ ಹಾಗೇ ಉಳಿಯಿತು. ಸೊಸೆ ಮೊಳೆಯಿಟ್ಟು ಹೊಡೆದಳು. ಸಣ್ಣ ಗೀರು ಬಿತ್ತು.

"ಇನ್ನೂ ಗಟ್ಟಿಯಾಗಿ," ಮಾವ ಅಂದರು. "ಮಣ್ಣು ಕೂತ್ರೂ ಕಾಣ್ಬೇಕು."

ಅವಳು ತೋಳು ಎತ್ತಿ ಹೊಡೆದಳು. ಓಡಿ ಬಂದ ತಗಡು ಇನ್ನೂ ಬೆಚ್ಚಗಿತ್ತು. ಮಾವ ಕನ್ನಡಕ ತೆಗೆದು, ಬಗ್ಗಿ, ಚುಕ್ಕಿಯ ಮೇಲೆ ಹೆಬ್ಬೆರಳು ಆಡಿಸಿ ನೋಡಿದರು.